ನಾಲ್ಕನೆಯ ಸಲ

ಬರಲಿರುವ ಪ್ರವಾಸಿಗರ ಪಟ್ಟಿಯಲ್ಲಿ ಆ ಹೆಸರು ಕಂಡ ದಿನ ಲೊರಿಂಡಾ ಯಾರಿಗೂ ಹೇಳಲಿಲ್ಲ. ಎರಡು ದಿನ ಅದನ್ನು ಬಾಯೊಳಗೇ ಇಟ್ಟುಕೊಂಡು ಕುರಿಗಳಿಗೆ ನೀರು ಹಾಕಿದಳು, ಕಣಿವೆಯ ಕಬ್ಬಿಣದ ಏಣಿಯಲ್ಲಿ ಸಡಿಲವಾಗಿದ್ದ ಬೋಲ್ಟುಗಳನ್ನು ಬಿಗಿ ಮಾಡಿದಳು, ಬಂದ ಪ್ರವಾಸಿಗರನ್ನು ಒಳಗೆ ಕರೆದುಕೊಂಡು ಹೋಗಿ ಸುರಕ್ಷಿತವಾಗಿ ಹೊರಗೆ ತಂದಳು. ಮೂರನೆಯ ದಿನ ಚಿಕ್ಕಮ್ಮ ಅರ್ನೆಸ್ಟೀನ್ ಕನ್ನಡಕ ಏರಿಸಿಕೊಂಡು ತಾನೇ ಓದಿಬಿಟ್ಟಳು.

"ವೇಡ್ ಕಾರ್ಟ್‌ರೈಟ್. ಏನೇ, ಇವನು ಅವನೇನಾ?"

"ಅವನೇ."

"ಬರಬೇಡ ಅಂತ ಬರೆದು ಹಾಕ್ತೀನಿ. ಏಣಿ ಮುರಿದಿದೆ ಅಂತೀನಿ. ಕಣಿವೇನೇ ಕುಸಿದುಬಿತ್ತು, ಈಗ ಅಲ್ಲಿ ಬರೀ ಬಯಲು ಅಂತೀನಿ."

"ಬೇಡ ಚಿಕ್ಕಮ್ಮ. ಬರಲಿ. ನಾನೇ ಕರಕೊಂಡು ಹೋಗ್ತೀನಿ."

ಅರ್ನೆಸ್ಟೀನ್ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಕೊಂದುಗಿಂದು ಹಾಕೋ ಯೋಚನೆ ಇದ್ರೆ ಈಗಲೇ ಹೇಳು. ಆವತ್ತು ನಾನು ಹಲ್ಲಿನ ಡಾಕ್ಟ್ರ ಹತ್ರ ಹೋಗಿಬಿಡ್ತೀನಿ. ಸಾಕ್ಷಿ ಹೇಳೋಕೆ ನನ್ನ ಕೈಲಾಗಲ್ಲ."

ಲೊರಿಂಡಾ ನಗಲಿಲ್ಲ. ಅದನ್ನೂ ಚಿಕ್ಕಮ್ಮ ಗಮನಿಸಿದಳು.

ಆ ಹೆಸರಿನ ಜೊತೆ ಒಂದು ಚಿತ್ರವಿತ್ತು. ಕೆಂಪು ಬಂಡೆಗಳ ನಡುವೆ, ಮೊದಲ ಬಿಸಿಲಿಗೆ ಮುಖವೊಡ್ಡಿ ನಿಂತ ಮುದುಕಿ. ಮಖಮಲ್ಲಿನ ಕುಪ್ಪಸ, ಎಡಗೈಯಲ್ಲಿ ಜಿಂಕೆಯ ಚರ್ಮದ ಸಣ್ಣ ಚೀಲ, ಬಲಗೈಯ ಬೆರಳುಗಳಿಂದ ಉದುರುತ್ತಿರುವ ಮೆಕ್ಕೆಜೋಳದ ಪರಾಗ. ಬೆಳಗಿನ ಪ್ರಾರ್ಥನೆ. ಯಾರೂ ನೋಡಬಾರದ ಹೊತ್ತು. ಅದು ಕ್ಯಾಲೆಂಡರ್ ಆಯಿತು, ಅಂಚೆ ಕಾರ್ಡ್ ಆಯಿತು, ಕಾಫಿ ಲೋಟದ ಮೇಲೂ ಬಂತು. ಕಾರ್ಟ್‌ರೈಟ್ ಅದಕ್ಕೆ 'ಕೊನೆಯ ಪ್ರಾರ್ಥನೆ' ಎಂದು ಹೆಸರಿಟ್ಟಿದ್ದ.

"ಕೊನೆಯದಂತೆ!" ಎಂದು ಅರ್ನೆಸ್ಟೀನ್ ಈಗಲೂ ಹಲ್ಲು ಕಡಿಯುತ್ತಿದ್ದಳು. "ಆಮೇಲೆ ಹನ್ನೊಂದು ವರ್ಷ ದಿನಾ ಪ್ರಾರ್ಥನೆ ಮಾಡಿದಳು ನಮ್ಮಮ್ಮ. ದಿನಾ ನನ್ನನ್ನೂ ಒದ್ದು ಎಬ್ಬಿಸಿದಳು."

ಒದ್ದು ಎಬ್ಬಿಸಿದ್ದು ನಿಜ. ಆದರೆ ಕಣಿವೆಗೆ ಮಾತ್ರ ಆಕೆ ಮತ್ತೆ ಕಾಲಿಡಲಿಲ್ಲ. ಮನೆಯ ಹಿಂದೆ, ಕುರಿದೊಡ್ಡಿಯ ಮರೆಯಲ್ಲಿ, ಯಾರಾದರೂ ಬರುತ್ತಾರೇನೋ ಎಂದು ಎರಡು ಸಲ ಹಿಂತಿರುಗಿ ನೋಡಿ, ಆಮೇಲೆ ಚೀಲ ಬಿಚ್ಚುತ್ತಿದ್ದಳು. ಆ ಹಿಂತಿರುಗಿ ನೋಡುವುದನ್ನು ಲೊರಿಂಡಾ ಹನ್ನೊಂದು ವರ್ಷ ಕಂಡಿದ್ದಳು.

ಅವನು ಬಂದದ್ದು ಜೂನ್ ತಿಂಗಳ ನಡುವೆ, ಕಣಿವೆಯ ಆಳಕ್ಕೆ ಬಿಸಿಲು ನೇರ ಇಳಿಯುವ ವಾರಗಳಲ್ಲಿ. ಅರವತ್ತೈದು ದಾಟಿದ ಎತ್ತರದ ಮನುಷ್ಯ, ಬಿಳಿಯ ಗಡ್ಡ, ಕೈಯಲ್ಲಿ ನವಾಹೊ ಬುಡಕಟ್ಟಿನವರದೇ ನೀಲಿಕಲ್ಲಿನ ಬಳೆ. ಹಳೆಯ ಕಾಲದ ದೊಡ್ಡ ಮರದ ಕ್ಯಾಮೆರಾ ಅವನದು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡುವಂಥದ್ದು. ಅರ್ನೆಸ್ಟೀನ್ ಮೇಜಿನ ಹಿಂದಿನಿಂದ ಕಾಗದ ಚಾಚಿ ಸಹಿ ಹಾಕಿಸಿಕೊಂಡಳು, ಒಂದು ಮಾತೂ ಆಡದೆ. ಆಕೆ ಮಾತಾಡದೆ ಇದ್ದದ್ದು ಆ ವರ್ಷದಲ್ಲಿ ಅದೇ ಮೊದಲು.

ಲೊರಿಂಡಾ ಎಲ್ಲರಿಗೂ ಹೇಳುವಂತೆ ಅವನಿಗೂ ತನ್ನ ಪರಿಚಯ ಹೇಳಿಕೊಂಡಳು. ಮೊದಲು ತಾಯಿಯ ಕುಲ, ಆಮೇಲೆ ತಂದೆಯ ಕುಲ, ತಾಯಿಯ ತಂದೆಯದು, ತಂದೆಯ ತಂದೆಯದು. ಅದೇ ಕುಲಗಳ ಹೆಸರನ್ನು ಮೂವತ್ತೊಂದು ವರ್ಷದ ಹಿಂದೆ, ಆ ಕಣಿವೆಯಲ್ಲಿ, ಒಂಬತ್ತು ವರ್ಷದ ಹುಡುಗಿಯೊಬ್ಬಳು ಅವನಿಗೆ ಹೇಳಿದ್ದಳು. ಅವನು ತಲೆಯಾಡಿಸುತ್ತಾ ಕ್ಯಾಮೆರಾದ ಪಟ್ಟಿ ಬಿಗಿ ಮಾಡಿಕೊಂಡ.

"ಚೆನ್ನಾಗಿದೆ, ಚೆನ್ನಾಗಿದೆ. ಬೆಳಕಿನ ಕಂಬ ಎಷ್ಟು ಹೊತ್ತಿಗೆ ಬೀಳುತ್ತೆ?"

"ಹನ್ನೊಂದೂ ನಲವತ್ತಕ್ಕೆ. ಏಳೆಂಟು ನಿಮಿಷ ಇರುತ್ತೆ."

"ಮರಳು ಎಸೆಯೋಕೆ ಬರುತ್ತಾ ನಿನಗೆ? ಧೂಳಿಲ್ಲದೆ ಕಂಬ ಕಾಣಿಸಲ್ಲ. ಹೋದ ಸಲ ಬೇರೆ ಕಣಿವೆಯಲ್ಲಿ ಒಬ್ಬ ಗೈಡು ಗಾರೆ ಎಸೆದ ಹಾಗೆ ಎಸೆದ."

"ಬರುತ್ತೆ."

ಟ್ರಕ್ಕಿನಲ್ಲಿ ಅವನು ಒಂದು ಚಪ್ಪಟೆ ಪೆಟ್ಟಿಗೆಯನ್ನು ಅವಳ ಮತ್ತು ತನ್ನ ನಡುವೆ ಇಟ್ಟುಕೊಂಡ. ಮಗುವನ್ನು ಕೂರಿಸಿದ ಹಾಗೆ ಅದಕ್ಕೆ ಸೀಟಿನ ಪಟ್ಟಿ ಬಿಗಿದ. ಏಣಿಗಳಿರುವುದರಿಂದ ಭಾರದ ಸಾಮಾನನ್ನು ಗೈಡ್ ಹೊರುವುದು ರೂಢಿ. ಅದಕ್ಕೇ ಅವಳಿಗೆ ಎಚ್ಚರಿಕೆ ಹೇಳತೊಡಗಿದ. ಒಳಗೆ ಐದು ಕಪ್ಪು ಚೌಕಟ್ಟುಗಳಿವೆ, ಒಂದೊಂದರ ಎರಡು ಮಗ್ಗುಲಿಗೂ ಒಂದೊಂದು ಫಿಲ್ಮ್ ಹಾಳೆ, ಮೇಲೆ ಜಾರುವ ತೆಳು ಮುಚ್ಚಳ. ಹೊರಗೆ ಆ ಮುಚ್ಚಳ ಎಳೆದರೆ ಮುಗಿಯಿತು. ಬೆಳಕು ಎಲ್ಲವನ್ನೂ ತಿಂದುಬಿಡುತ್ತದೆ.

"ಹತ್ತು ಹಾಳೆ. ಅಷ್ಟೇ ತಂದಿರೋದು. ಈ ಫಿಲ್ಮ್ ಈಗ ಎಲ್ಲೂ ತಯಾರಾಗಲ್ಲ, ಉಳಿದಿರೋದು ಇಷ್ಟೇ. ನನ್ನ ಕೊನೆಯ ಪುಸ್ತಕ ಇದು, ಲೊರಿಂಡಾ. ಮುಖಪುಟಕ್ಕೆ ಆ ಹಳೇ ಚಿತ್ರ, ಹಿಂದಿನ ಪುಟಕ್ಕೆ ಅದೇ ಕಣಿವೆಯ ಹೊಸ ಚಿತ್ರ. ಆ ಹಳೇದು ನೋಡಿದೀಯಲ್ಲ?"

"ನೋಡಿದೀನಿ." ಟ್ರಕ್ಕು ಮರಳಿನಲ್ಲಿ ಒಂದು ಸಲ ವಾಲಿತು, ಅವಳು ಸ್ಟೀರಿಂಗನ್ನು ನಿಧಾನಕ್ಕೆ ಸರಿಪಡಿಸಿದಳು. "ತೆಗೆದಾಗ ಆ ಅಜ್ಜಿ ಏನಂದಳು?"

"ಏನೂ ಅನ್ನಲಿಲ್ಲ. ನಕ್ಕಳು. ನಮ್ಮಿಬ್ಬರ ನಡುವೆ ಭಾಷೆಯೇ ಬೇಕಾಗಲಿಲ್ಲ."

ಒಂದು, ಎಂದು ಲೊರಿಂಡಾ ಎಣಿಸಿಕೊಂಡಳು.

ಭಾಷೆ ಬೇಕಾಗಿತ್ತು. ಆ ಭಾಷೆ ಅವಳೇ ಆಗಿದ್ದಳು. ಆ ಬೆಳಿಗ್ಗೆ ಬಂಡೆಯ ಮೇಲಿಂದ ಸಣ್ಣ ಸದ್ದು ಕೇಳಿ ಅಜ್ಜಿ ತಿರುಗಿದಾಗ ಇವನು ಎರಡೂ ಕೈ ಮೇಲೆತ್ತಿ ನಗುತ್ತಾ ಇಳಿದು ಬಂದಿದ್ದ. ತೆಗೆದದ್ದಾಗಿತ್ತು, ಇಟ್ಟುಕೊಳ್ಳಲು ಈಗ ಕೇಳುತ್ತಿದ್ದ. ಅಜ್ಜಿಗೆ ಇಂಗ್ಲಿಷ್ ಬಾರದು, ಅವನಿಗೆ ನವಾಹೊ ಬಾರದು, ಬೋರ್ಡಿಂಗ್ ಶಾಲೆಯಿಂದ ರಜೆಗೆ ಬಂದ ಮೊಮ್ಮಗಳಿಗೆ ಎರಡೂ ಬರುತ್ತಿದ್ದವು. ಎರಡು ಸಲ ಕೇಳಿದ, ಎರಡು ಸಲವೂ ಅಜ್ಜಿ ಇಲ್ಲವೆಂದಳು. ಆಗ ಅವನು ಹುಡುಗಿಯನ್ನು ಕಪ್ಪು ಬಟ್ಟೆಯೊಳಗೆ ಕರೆದ. ಗಾಜಿನ ಮೇಲೆ ಕಣಿವೆ ತಲೆಕೆಳಗಾಗಿ ತೂಗುತ್ತಿತ್ತು. ಆಕಾಶ ಕೆಳಗೆ, ಮರಳು ಮೇಲೆ, ಅಜ್ಜಿಯ ಪಾದಗಳು ಮರಳಿಗೆ ಅಂಟಿಕೊಂಡು ನೇತಾಡುತ್ತಿದ್ದವು. ಅಷ್ಟು ಚಂದದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಅದರ ಖುಷಿಗೆ, ಅವನಿಗೆ ಏನಾದರೂ ಕೊಡಬೇಕೆನ್ನಿಸಿ, ತನ್ನಲ್ಲಿದ್ದದ್ದನ್ನು ಕೊಟ್ಟಳು.

"ಇನ್ನೂ ಎರಡು ಸಲ ಕೇಳಿ," ಎಂದು ಪಿಸುಗುಟ್ಟಿದ್ದಳು. "ನಾಲ್ಕನೇ ಸಲ ಕೇಳಿದ್ರೆ ನಮ್ಮವರು ಇಲ್ಲ ಅನ್ನೋ ಹಾಗಿಲ್ಲ. ಸುಳ್ಳು ಹೇಳೋ ಹಾಗೂ ಇಲ್ಲ."

ಅವನು ಕೇಳಿದ. ಮೂರಕ್ಕೆ ಅಜ್ಜಿ ಮುಖ ತಿರುಗಿಸಿದಳು. ನಾಲ್ಕಕ್ಕೆ ಚೀಲದ ಬಾಯಿ ಬಿಗಿದು ಕಟ್ಟಿದಳು. ಆಮೇಲೆ, "ಯಾರಿಗೂ ತೋರಿಸೋಲ್ಲ ಅಂತ ಮಾತು ಕೊಟ್ಟರೆ ಇಟ್ಕೊಳ್ಳಲಿ. ಅವನೊಬ್ಬನೇ ನೋಡ್ಕೊಳ್ಳಲಿ," ಎಂದಳು. ಅವನು ಎದೆಯ ಮೇಲೆ ಕೈಯಿಟ್ಟು ಆಗಲಿ ಎಂದ. ಆ ಮಾತನ್ನು ಅಜ್ಜಿಯ ಭಾಷೆಗೆ ತಂದು, ಅಜ್ಜಿಯ ಕಿವಿಗೆ ಹಾಕಿದ್ದು ಲೊರಿಂಡಾಳ ಬಾಯಿ.

ಕಣಿವೆಯ ಬಾಯಲ್ಲಿ ಟ್ರಕ್ ನಿಲ್ಲಿಸಿ, ಕಣಿವೆಗೆ ನೆರೆ ತರುವ ಮೋಡವಿದೆಯೇ ಎಂದು ದೂರದ ಬೆಟ್ಟದ ಕಡೆ ನೋಡಿದಳು. ಇರಲಿಲ್ಲ. ಮತ್ತೊಮ್ಮೆ ನೋಡಿದಳು. ಪೆಟ್ಟಿಗೆಯನ್ನು ಬೆನ್ನಿಗೇರಿಸಿ, ಸಣ್ಣ ಸಲಿಕೆ ಹಿಡಿದು ಮುಂದೆ ನಡೆದಳು. ಮೊದಲ ಏಣಿ ಇಳಿದರೆ ಗೋಡೆಗಳು ಹತ್ತಿರ ಬರುತ್ತವೆ, ಎರಡನೆಯದು ಇಳಿದರೆ ಅಡ್ಡಡ್ಡ ನಡೆಯಬೇಕು. ಬಂಡೆಗಳು ಭುಜ ತಿಕ್ಕುತ್ತವೆ. ಅವನು ಏದುಸಿರು ಬಿಡುತ್ತಿದ್ದ. ಅವಳು ಕಾದಳು, ಕಾಲಿಡುವ ಜಾಗ ತೋರಿಸಿದಳು, ಒಂದು ಕಡೆ ಮೊಣಕೈ ಹಿಡಿದು ಇಳಿಸಿದಳು. ಬೀಳುವುದು ಬೇಡ. ಇವನ ಮೂಳೆ ಮುರಿದರೆ ಅವಳಿಗೆ ಯಾವ ಲಾಭವೂ ಇಲ್ಲ.

"ಒಳ್ಳೇ ಗೈಡು ನೀನು," ಎಂದ.

"ಆ ಅಜ್ಜಿ ಏನಂದಳು ಅಂದ್ರಿ?"

"ಮತ್ತೆ ಅದೇನಾ?" ಅವನಿಗೆ ಖುಷಿಯೇ ಆಗಿತ್ತು, ಹೇಳಿ ಹೇಳಿ ರೂಢಿಯಾದ ಕಥೆ. "ಒಂದು ಮಾತು ಅಂದಳು. ನನ್ನ ಜನ ಮರೆಯಾಗೋ ಮೊದಲು ಜಗತ್ತು ಇದನ್ನ ನೋಡಲಿ, ಅಂತ."

"ನಿಮಗೆ ನಮ್ಮ ಭಾಷೆ ಬರುತ್ತಾ?"

"ಬರಲ್ಲ. ಆದ್ರೆ ಕೆಲವು ಸಲ ಅರ್ಥ ಆಗಿಬಿಡುತ್ತೆ ನೋಡು."

ಜಗತ್ತು ನೋಡಲಿ. ಜಗತ್ತು ನೋಡಿದ್ದನ್ನು ಅಜ್ಜಿಯೂ ನೋಡಿದ್ದಳು. ಊರಿನ ಅಂಗಡಿಯಲ್ಲಿ, ಹಿಟ್ಟಿನ ಚೀಲ ತರಲು ಹೋದಾಗ, ಗಲ್ಲಾಪೆಟ್ಟಿಗೆಯ ಮೇಲುಗಡೆ, ಬಾಗಿಲಿನಷ್ಟು ಅಗಲಕ್ಕೆ. ಅಜ್ಜಿ ತನ್ನ ಮುಖದ ಕೆಳಗೇ ನಿಂತು ಹಿಟ್ಟು ತೆಗೆದುಕೊಂಡಳು, ಚಿಲ್ಲರೆ ಇಸಿದುಕೊಂಡಳು. ಟ್ರಕ್ಕಿಗೆ ಬಂದು ಕೂತಮೇಲೆ ಒಂದೇ ಒಂದು ಮಾತು ಕೇಳಿದಳು: "ನಾಲ್ಕನೇ ಸಲ ಕೇಳು ಅಂತ ಅವನಿಗೆ ಹೇಳಿಕೊಟ್ಟಿದ್ದು ಯಾರು?"

ಹನ್ನೆರಡು ವರ್ಷದ ಲೊರಿಂಡಾ ಕಿಟಕಿಯಾಚೆ ನೋಡಿದಳು. ಅಜ್ಜಿ ಎರಡನೆಯ ಸಲ ಕೇಳಲಿಲ್ಲ. ಬದುಕಿರುವವರೆಗೂ ಕೇಳಲಿಲ್ಲ. ಇನ್ನು ಮೂರು ಸಲ ಕೇಳಿದ್ದರೆ ಲೊರಿಂಡಾ ಹೇಳಿಬಿಡುತ್ತಿದ್ದಳು. ಕೇಳದೆ ಬಿಟ್ಟದ್ದು ಕರುಣೆಯೋ ಶಿಕ್ಷೆಯೋ ಎಂದು ಅವಳಿಗೆ ಈಗಲೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅಜ್ಜಿ ಸತ್ತಮೇಲೆ, ಸತ್ತವರ ಹೆಸರೆತ್ತಲೂ ಹಿಂಜರಿಯುವ ಮನೆಯಲ್ಲಿ, ಆ ಮುಖ ಮಾತ್ರ ಪೆಟ್ರೋಲ್ ಬಂಕಿನಿಂದ ಆಸ್ಪತ್ರೆಯ ಗೋಡೆಯವರೆಗೆ ಎಲ್ಲ ಕಡೆ ಇವರಿಗಾಗಿ ಕಾಯುತ್ತಿತ್ತು. ಅವಳ ತಾಯಿ ಊರಿಗೆ ಹೋಗುವುದನ್ನೇ ಬಿಟ್ಟಳು.

ಕಂಬ ಬೀಳುವ ಜಾಗದಲ್ಲಿ ಅವನು ಮುಕ್ಕಾಲು ಗಂಟೆ ಸಿದ್ಧತೆ ಮಾಡಿದ. ಲೊರಿಂಡಾ ಸಲಿಕೆಯನ್ನು ಮೊಣಕಾಲಿಗೆ ಆನಿಸಿ, ಮರಳನ್ನು ಅಂಗೈಯಿಂದ ಜರಡಿ ಹಿಡಿದು, ಹಿಟ್ಟಿನಂಥದ್ದನ್ನು ಮಾತ್ರ ಗುಡ್ಡೆ ಮಾಡಿಕೊಂಡಳು. ಇವತ್ತು ಕೆಲಸ ಚೆನ್ನಾಗಿ ಆಗಬೇಕು. ಎರಡು ವಾರದಿಂದ ಅವಳು ಯೋಚಿಸಿ ತೀರ್ಮಾನಿಸಿದ್ದು ಅದನ್ನೇ. ಕಳೆದುಕೊಂಡರೆ ಕರುಳು ಕಿತ್ತುಬರುವಂಥದ್ದು ಮೊದಲು ಅವನ ಕೈಗೆ ಸಿಗಬೇಕು.

ಹನ್ನೊಂದೂ ನಲವತ್ತೊಂದಕ್ಕೆ ಬಿಸಿಲು ಇಳಿಯಿತು. ಅವಳು ಮಣಿಕಟ್ಟು ತಿರುಗಿಸಿ ಎಸೆದಳು. ಧೂಳು ಮೇಲೇರಿ, ತೆಳುವಾಗಿ ಹರಡಿ, ಇಳಿಯಲು ಮನಸ್ಸಿಲ್ಲದಂತೆ ನಿಂತಿತು. ಅದರೊಳಗೆ ಬೆಳಕು ನೆಲದಿಂದ ಆಕಾಶದವರೆಗೆ ಕಂಬವಾಯಿತು.

"ಅಯ್ಯೋ ದೇವರೇ," ಎಂದ ಕಾರ್ಟ್‌ರೈಟ್. "ಇನ್ನೊಂದ್ಸಲ. ಹಾಗೇ. ಹಾಗೇ ಎಸಿ."

ಅವಳು ಎಸೆದಳು. ಅವನು ತೆಗೆದ. ಮುಚ್ಚಳ ಎಳೆಯುವುದು, ಉಸಿರು ಹಿಡಿದು ಎಣಿಸುವುದು, ಮುಚ್ಚುವುದು, ಚೌಕಟ್ಟು ಅವಳ ಕೈಗೆ ಕೊಡುವುದು. ಹತ್ತೂ ಹಾಳೆ ಮುಗಿದಾಗ ಕಂಬ ಗೋಡೆಗೆ ಹತ್ತಿ ಸಣ್ಣಗಾಗಿತ್ತು. ಅವನು ಮರಳಿನಲ್ಲೇ ಕುಳಿತುಬಿಟ್ಟ. ಕಣ್ಣು ಒದ್ದೆಯಾಗಿತ್ತು.

"ಮೂವತ್ತು ವರ್ಷದಲ್ಲಿ ಇಂಥದ್ದು ಸಿಕ್ಕಿರಲಿಲ್ಲ. ನಿಜ ಹೇಳಬೇಕಂದ್ರೆ ಆ ಹಳೇದಕ್ಕಿಂತ ಇದೇ ದೊಡ್ಡದು."

"ಆವತ್ತು ಆ ಅಜ್ಜಿ ಏನಂದಳು?"

ಅವನು ಕಣ್ಣೊರೆಸಿಕೊಂಡು ನಕ್ಕ. "ಬಿಡೋದೇ ಇಲ್ಲವಲ್ಲ ನೀನು! ಅವಳ ಕಣ್ಣಲ್ಲೂ ಹೀಗೇ ನೀರಿತ್ತು. ನನ್ನ ಕೈ ಹಿಡಿದು ಮಗನೇ ಅಂದಳು."

"ಜೊತೆಗೆ ಯಾರಿದ್ದರು?"

"ಯಾರೂ ಇರಲಿಲ್ಲ. ಅವಳೊಬ್ಬಳೇ, ನಾನೊಬ್ಬನೇ."

ಲೊರಿಂಡಾ ಚೌಕಟ್ಟುಗಳನ್ನು ಪೆಟ್ಟಿಗೆಗೆ ಇಳಿಸಿ ಕೊಂಡಿ ಹಾಕಿದಳು. ತನ್ನ ಕೈಯನ್ನು ಅವಳು ಬೇರೆಯವರ ಕೈಯನ್ನು ನೋಡಿದಂತೆ ನೋಡಿದಳು.

ಇನ್ನೊಂದು ಸಲ ಕೇಳುವುದು ಉಳಿದಿತ್ತು. ಅದನ್ನು ಕೇಳಲೇಬೇಕು, ಕೇಳದೆ ಮಾಡಿದರೆ ತಾನೂ ಅವನಂಥವಳೇ. ಹಿಂದಿರುಗುವ ದಾರಿಯಲ್ಲಿ ಅವಳಿಗೆ ಹುಟ್ಟಿದ ಒಂದೇ ಭಯವೆಂದರೆ, ಅವನು ಎಲ್ಲಿ ನಿಜ ಹೇಳಿಬಿಡುತ್ತಾನೋ ಎಂಬುದು. ಹೇಳಿದರೆ ಪೆಟ್ಟಿಗೆಯನ್ನು ಹಾಗೇ ಒಪ್ಪಿಸಬೇಕಾಗುತ್ತದೆ. ಕೊನೆಯ ಏಣಿಯ ಬುಡದಲ್ಲಿ ನಿಂತು ಅವಳು ತಿರುಗಿದಳು.

"ಕಾರ್ಟ್‌ರೈಟ್ ಅವರೇ, ಇದು ನಾಲ್ಕನೇ ಸಲ ಕೇಳ್ತಾ ಇರೋದು. ಆ ಅಜ್ಜಿ ಏನಂದಳು?"

ನಾಲ್ಕನೇ ಎಂಬ ಮಾತಿಗೆ ಅವನ ಹುಬ್ಬು ಒಂದಿಷ್ಟು ಅಲುಗಿತು. ಏನೋ ನೆನಪಾದಂತೆ. ಆದರೆ ಬೆನ್ನ ಮೇಲೆ ಕ್ಯಾಮೆರಾ, ಭುಜದ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಮುಂದೆ ಇಪ್ಪತ್ತು ಮೆಟ್ಟಿಲು. "ಅವಳು ಕೊಟ್ಟಳು, ನಾನು ತಗೊಂಡೆ. ಅಷ್ಟೇ ಕಣಮ್ಮ. ಎಷ್ಟು ಸಲ ಕೇಳಿದ್ರೂ ಅಷ್ಟೇ. ಹತ್ತು ಮೊದಲು."

ಅವಳು ಹತ್ತಿದಳು. ಹೊರಗೆ ಮಧ್ಯಾಹ್ನದ ಬಿಸಿಲು ಬಂಡೆಗಳನ್ನು ಬಿಳಿಚಿಸಿತ್ತು. ಏಣಿಯ ತುದಿಗೆ ಎದುರಾಗಿ ಒಂದು ಕಲ್ಲಿನ ಮೇಲೆ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ತಲೆ ಮೇಲೆ ಬರುವವರೆಗೆ ಕಾದಳು. ಮರೆಯಲ್ಲಿ ನಿಂತು ಮಾಡುವುದು ಅವನ ಕಸುಬು. ಅವಳದಲ್ಲ.

ಅವನ ಎದೆ ಏಣಿಯ ತುದಿಗೆ ಬಂದಾಗ ಮೊದಲ ಚೌಕಟ್ಟು ಹೊರತೆಗೆದು ಮುಚ್ಚಳ ಎಳೆದಳು. ಬೂದುಬಣ್ಣದ ಹಾಳೆ ಸೂರ್ಯನನ್ನು ನೋಡಿತು. ತಿರುಗಿಸಿ ಇನ್ನೊಂದನ್ನೂ ಎಳೆದಳು.

"ಏಯ್! ಮುಚ್ಚು! ಮುಚ್ಚೇ ಅದನ್ನ!"

ಎರಡೂ ಕೈ ಏಣಿಯಲ್ಲಿ ಸಿಕ್ಕಿಕೊಂಡಿದ್ದವು. ಭುಜದ ಸ್ಟ್ಯಾಂಡು ಕಂಬಿಗೆ ಅಡ್ಡಬಿದ್ದಿತ್ತು. ಅವಳು ಎರಡನೆಯ ಚೌಕಟ್ಟಿಗೆ ಕೈ ಹಾಕಿದಳು.

"ತಲೆ ಕೆಟ್ಟಿದೆಯಾ ನಿನಗೆ? ಏನು ಬೇಕು? ಏನು ಬೇಕು ಹೇಳು!"

"ಅಜ್ಜಿ ಏನಂದಳು ಅಂತ ನಾನು ಹೇಳ್ಲಾ?" ಮೂರನೆಯದು. ಅವಳ ದನಿ ಪ್ರವಾಸಿಗರಿಗೆ ದಾರಿ ಹೇಳುವಷ್ಟೇ ಮೆಲ್ಲಗಿತ್ತು. "ಯಾರಿಗೂ ತೋರಿಸೋಲ್ಲ ಅಂತ ಮಾತು ಕೊಟ್ಟರೆ ಇಟ್ಕೋ ಅಂದಳು. ನೀನು ಎದೆ ಮುಟ್ಟಿಕೊಂಡು ಆಗಲಿ ಅಂದೆ. ಅದನ್ನ ಅವಳಿಗೆ ಹೇಳಿದ್ದು ನಾನು. ನನ್ನ ಬಾಯಲ್ಲಿ ಹೇಳಿಸಿದೆ."

ಅಷ್ಟು ಹೊತ್ತಿಗೆ ನಾಲ್ಕನೆಯದೂ ಮುಗಿದಿತ್ತು. ಅವನು ಸ್ಟ್ಯಾಂಡನ್ನು ಕೆಳಕ್ಕೆ ಬೀಳಿಸಿ, ಮಂಡಿಯೂರಿ ಮೇಲೆ ಬಂದ. ಆ ದಿನ ಮೊದಲ ಸಲ ಅವಳ ಮುಖವನ್ನು ನೋಡಿದ.

"ಆ ಹುಡುಗಿ," ಎಂದ. "ಬಟ್ಟೆಯೊಳಗೆ ತಲೆ ಹಾಕಿ ನಗ್ತಾ ಇದ್ದ ಹುಡುಗಿ."

"ಹೂಂ."

"ತಡಿ. ಒಂದು ಉಳಿದಿದೆ. ಕೇಳು. ನೆನಪಿದೆ ನನಗೆ. ತೋರಿಸಬೇಡ ಅಂದಳು, ಸರಿ. ನಾನು ಮಾತು ಕೊಟ್ಟೆ. ಎಲ್ಲಾ ನೆನಪಿತ್ತು. ಪುಸ್ತಕದಲ್ಲಿ ಬರೀತೀನಿ ಇದನ್ನ. ನಿನ್ನ ಹೆಸರೂ ಹಾಕ್ತೀನಿ. ಆ ಒಂದನ್ನ ಕೊಟ್ಟುಬಿಡು."

ಕೊನೆಗೂ ನಿಜ. ಅವಳು ಅದನ್ನು ಪೂರ್ತಿ ಕೇಳಿಸಿಕೊಂಡಳು, ಒಂದು ಪದವನ್ನೂ ಬಿಡದೆ.

"ಇದು ಐದನೇದು," ಎಂದಳು. ಮುಚ್ಚಳ ಎಳೆದಳು. ತಿರುಗಿಸಿದಳು. ಇನ್ನೊಂದನ್ನೂ ಎಳೆದಳು. "ಈಗ ಇವನ್ನ ಯಾರಿಗೂ ತೋರಿಸಲ್ಲ ನೀನು."

ಟ್ರಕ್ಕಿನಲ್ಲಿ ಅವನಿಗೆ ನೀರಿನ ಬಾಟಲಿ ಕೊಟ್ಟಳು. ಬೇಸಗೆಯಲ್ಲಿ ನೀರು ಕೊಡುವುದು ಗೈಡಿನ ಕೆಲಸ. ಅವನು ಮುಟ್ಟಲಿಲ್ಲ. ಚೌಕಟ್ಟುಗಳನ್ನು ಮತ್ತೆ ತುಂಬಿದ ಪೆಟ್ಟಿಗೆಗೆ ಈ ಸಲ ಯಾರೂ ಪಟ್ಟಿ ಬಿಗಿಯಲಿಲ್ಲ. ದಾರಿಯುದ್ದಕ್ಕೂ ಅದು ಸೀಟಿನ ಮೇಲೆ ಲಟಲಟ ಬಡಿಯುತ್ತಿತ್ತು.

ಅರ್ನೆಸ್ಟೀನ್ ಬಾಣಲೆಯ ಮುಂದೆ ನಿಂತು ಹಿಟ್ಟಿನ ರೊಟ್ಟಿ ಕರಿಯುತ್ತಿದ್ದಳು. ಕಾರ್ಟ್‌ರೈಟ್ ಮೇಜು ಗುದ್ದಿ ಕೂಗಾಡಿದ. ಆಕೆ ಇಕ್ಕಳ ಕೆಳಗಿಡದೆ, ಅವನು ಬೆಳಿಗ್ಗೆ ಸಹಿ ಹಾಕಿದ ಕಾಗದವನ್ನು ಎಡಗೈಯಲ್ಲಿ ಎತ್ತಿ ಓದಿದಳು.

"ಮರಳು, ನೀರು, ಬೀಳುವ ಕಲ್ಲುಗಳಿಂದ ಸಾಮಾನಿಗೆ ಆಗೋ ಹಾನಿಗೆ ನಾವು ಹೊಣೆಯಲ್ಲ."

"ಇದು ಬೆಳಕಿನಿಂದ ಆಗಿದ್ದು! ಬೆಳಕು ಅಂತ ಎಲ್ಲಿದೆ ಅದರಲ್ಲಿ?"

"ಹೌದಲ್ಲ, ಇಲ್ಲ," ಎಂದು ಆಕೆ ಒಪ್ಪಿಕೊಂಡಳು. "ನಾಳೆ ಸೇರಿಸ್ತೀನಿ."

ಗೈಡ್ ಕಾರ್ಡು ಕೊಡುವ ಕಚೇರಿಗೆ ದೂರು ಕೊಡುತ್ತೇನೆ, ಇವಳು ಇನ್ನೆಂದೂ ಯಾರನ್ನೂ ಈ ಕಣಿವೆಗೆ ಕರೆದೊಯ್ಯದಂತೆ ಮಾಡುತ್ತೇನೆ ಎಂದು ಹೇಳಿ ಅವನು ಹೋದ. ಅದು ಬರಿ ಬೆದರಿಕೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕಾರಿನ ಧೂಳು ರಸ್ತೆಯ ಮೇಲೆ ತುಂಬ ಹೊತ್ತು ನಿಂತಿತ್ತು.

"ಗೈಡ್ ಕಾರ್ಡು ಕಿತ್ಕೋತಾರೆ ಕಣೇ."

"ಗೊತ್ತು."

"ಕೈ ಜಾರಿತು ಅನ್ನು. ಪೆಟ್ಟಿಗೆ ಬಿದ್ದು ತೆರ್‌ಕೊಂತು ಅನ್ನು. ನಾನೂ ನೋಡಿದೆ ಅಂತೀನಿ, ಹಲ್ಲಿನ ಡಾಕ್ಟ್ರ ಹತ್ರ ಹೋಗಲ್ಲ."

"ಕೇಳಿದ್ರೆ ನಡೆದದ್ದೇ ಹೇಳ್ತೀನಿ ಚಿಕ್ಕಮ್ಮ. ಮೊದಲನೇ ಸಲಕ್ಕೇ." ಲೊರಿಂಡಾ ಅಂಗೈಗೆ ಅಂಟಿದ್ದ ಕೆಂಪು ಧೂಳನ್ನು ನೋಡುತ್ತಿದ್ದಳು. "ನಾಲ್ಕು ಸಲ ಕೇಳು ಅಂತ ಆವತ್ತು ಅವನಿಗೆ ಹೇಳಿಕೊಟ್ಟೋಳು ನಾನು."

ಎಣ್ಣೆ ಚಟಪಟ ಅಂದಿತು. ಅರ್ನೆಸ್ಟೀನ್ ರೊಟ್ಟಿಯನ್ನು ಮಗುಚಿ ಹಾಕಿದಳು.

"ನಾನೇನು ಕೇಳಲಿಲ್ಲವಲ್ಲ ಅದನ್ನ," ಎಂದಳು. ಸಿಟ್ಟಿತ್ತೋ ಇಲ್ಲವೋ, ಬೆನ್ನು ತಿರುಗಿಸಿದ್ದರಿಂದ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ರೊಟ್ಟಿಯ ಮೇಲೆ ಕುರಿಮಾಂಸ ಹರಡಿ, ತಟ್ಟೆಯನ್ನು ಮೇಜಿನ ಈಚೆಗೆ ತಳ್ಳಿದಳು.

ಲೊರಿಂಡಾ ನಿಂತೇ ತಿಂದಳು. ಎರಡು ಗಂಟೆಯ ಗುಂಪಿನವರು ಆಗಲೇ ನೆರಳಿನಲ್ಲಿ ಟೋಪಿ ಬೀಸಿಕೊಳ್ಳುತ್ತಿದ್ದರು. ಕಾರ್ಟ್‌ರೈಟ್ ಆ ಹಾಳೆಗಳನ್ನು ಎಸೆಯುವುದಿಲ್ಲ, ಅದು ಅವಳಿಗೆ ಖಚಿತವಿತ್ತು. ಮನೆಗೆ ಹೋಗಿ, ಕತ್ತಲ ಕೋಣೆಯಲ್ಲಿ, ಒಂದಾದರೂ ಉಳಿದಿರಬಹುದೆಂದು ಹತ್ತನ್ನೂ ತೊಳೆದು ನೋಡುತ್ತಾನೆ. ಒಂದೊಂದನ್ನೂ ದೀಪಕ್ಕೆ ಹಿಡಿಯುತ್ತಾನೆ. ಅಷ್ಟು ಬೆಳಕು ಕುಡಿದ ಫಿಲ್ಮ್ ಪೂರ್ತಿ ಕಪ್ಪಾಗುತ್ತದೆ ಎಂದು ಅವಳು ಓದಿದ್ದಳು. ಒಂದು ಕಪ್ಪು, ಇನ್ನೊಂದು ಕಪ್ಪು. ಅವಳು ಹತ್ತರವರೆಗೂ ಎಣಿಸಿದಳು, ಅವಸರವಿಲ್ಲದೆ. ಬೆರಳ ಎಣ್ಣೆಯನ್ನು ಒರೆಸಿಕೊಂಡು ಸಲಿಕೆ ಎತ್ತಿಕೊಂಡಳು.